ಕೊರತೆ ಇರುವುದು ತಂತಿಯ ಕೊನೆಯಲ್ಲಿ

ಸುಳ್ಯ, ಬೆಳ್ತಂಗಡಿ ತಾಲ್ಲೂಕುಗಳ ಒಳಗ್ರಾಮಗಳಲ್ಲಿ ಬೇಸಿಗೆ ಬಂತೆಂದರೆ ದೀಪ ಮಂಕಾಗುತ್ತದೆ. ಅಡಿಕೆ ತೋಟದ ಪಂಪು ಗುಂಯ್‌ಗುಟ್ಟಿ ನಿಲ್ಲುತ್ತದೆ. ಈ ಸಂಕಟವನ್ನೇ ಮುಂದಿಟ್ಟುಕೊಂಡು ಅಭಿವೃದ್ಧಿಯ ವಕ್ತಾರರು ಹೊಸ ಸ್ಥಾವರ ಬೇಕೆನ್ನುತ್ತಾರೆ, ಘಟ್ಟದ ಕಾಡು ಸೀಳುವ ಹೊಸ ಮಾರ್ಗ ಬೇಕೆನ್ನುತ್ತಾರೆ. ಮಂದ ದೀಪ ತೋರಿಸಿ ಕಾಡು ಕೇಳುವ ಈ ವಾದವು ಒಂದು ಸಣ್ಣ ಗುಣಾಕಾರದ ಮುಂದೆ ನಿಲ್ಲಲಾರದು.

ಪರಿವರ್ತಕದಿಂದ ಒಂದು ಕಿಲೋಮೀಟರ್ ದೂರದಲ್ಲಿ 5 ಅಶ್ವಶಕ್ತಿಯ ಐದು ಪಂಪುಗಳಿವೆ ಎನ್ನೋಣ. ಒಂದೊಂದೂ ಸುಮಾರು 8 ಆಂಪಿಯರ್ ಎಳೆದರೆ ಒಟ್ಟು 40. ‘ವೀಸೆಲ್’ ಎಂಬ ಸಪೂರ ಅಲ್ಯುಮಿನಿಯಂ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.9 ಓಮ್; ಬಿಸಿಲಿಗೆ ಕಾದಾಗ ಇನ್ನೂ ಹೆಚ್ಚು. ನಲವತ್ತನ್ನು 0.9ರಿಂದ ಗುಣಿಸಿದರೆ 36. ಮನೆಗೆ ಸಲ್ಲಬೇಕಾದ 240 ವೋಲ್ಟ್ 204ಕ್ಕೆ ಇಳಿಯಿತು. ಮೂರು ಫೇಸಿನ ಪಂಪಿಗೆ 36ನ್ನು ಮತ್ತೆ 1.73ರಿಂದ ಗುಣಿಸಬೇಕು: 415ರಲ್ಲಿ 62 ವೋಲ್ಟ್ ನಷ್ಟ, ಅಂದರೆ ಶೇಕಡಾ 15. 1956ರ ಭಾರತೀಯ ವಿದ್ಯುತ್ ನಿಯಮಗಳೇ ಇಂಥಲ್ಲಿ ಶೇಕಡಾ 6ಕ್ಕಿಂತ ಹೆಚ್ಚಿನ ಏರಿಳಿತವನ್ನು ಒಪ್ಪಿರಲಿಲ್ಲ. ವೋಲ್ಟೇಜು ಕುಸಿದಾಗ ಅದೇ ಕೆಲಸಕ್ಕೆ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ತಂತಿಯಲ್ಲಿ ಕುಸಿತ ಇನ್ನಷ್ಟಾಗುತ್ತದೆ, ಕಡೆಗೆ ಸುರುಳಿ ಸುಡುತ್ತದೆ. ರೀವೈಂಡಿಂಗ್ ಖರ್ಚು ಕೃಷಿಕನದೇ. ಇತ್ತ ಮೂರು ತಂತಿಗಳಲ್ಲಿ ಬರಿದೇ ಬಿಸಿಯಾಗಿ ಹೋಗುವ ಶಕ್ತಿ 4.3 ಕಿಲೋವಾಟ್: ಐದು ಪಂಪು ಓಡಿಸುವ ಹೊತ್ತಿನಲ್ಲಿ ಬಹುಮಟ್ಟಿಗೆ ಆರನೆಯ ಪಂಪಿನ ವಿದ್ಯುತ್ತನ್ನು ಗಾಳಿಗೆ ಸುರಿದಂತೆ.

ಈ ಲೆಕ್ಕದಲ್ಲಿ ಸ್ಥಾವರ ಎಲ್ಲಿ ಬಂತು? ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲು ಉರಿಸಲು 1200 ಮೆಗಾವಾಟಿನ ಸ್ಥಾವರವನ್ನೇ ಕಟ್ಟಲಾಯಿತು. ಅದರಿಂದ ತೋಟದಂಚಿನ ತಂತಿಯ ರೋಧ ಒಂದು ಓಮಿನಷ್ಟೂ ತಗ್ಗಲಿಲ್ಲ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಬೇಡವೆಂದ ಗುಂಡ್ಯ ಜಲವಿದ್ಯುತ್ ಯೋಜನೆ ಕಟ್ಟಿದ್ದರೂ ತಗ್ಗುತ್ತಿರಲಿಲ್ಲ.

ತಗ್ಗಿಸುವ ಉಪಾಯ ಅಗ್ಗದ್ದು, ಕಾಡಿಗೆ ನಿರುಪದ್ರವಿ. ಸಣ್ಣ ಪರಿವರ್ತಕವನ್ನು ತೋಟಗಳ ಹತ್ತಿರ ತಂದು ದೂರವನ್ನು ಅರ್ಧ ಕಿಲೋಮೀಟರಿಗೆ ಇಳಿಸಿ, ‘ವೀಸೆಲ್’ ಬದಲು ತುಸು ದಪ್ಪನೆಯ ‘ರ‍್ಯಾಬಿಟ್’ ತಂತಿ ಎಳೆದರೆ ನಷ್ಟ 62ರಿಂದ 19 ವೋಲ್ಟಿಗೆ ಬರುತ್ತದೆ. ಉಳಿದ ದೂರವನ್ನು 11 ಕಿಲೋವೋಲ್ಟ್ ಮಾರ್ಗವೇ ಕ್ರಮಿಸಲಿ. ಅಲ್ಲಿ ಇದೇ ಶಕ್ತಿಗೆ ಒಂದೂವರೆ ಆಂಪಿಯರ್ ಸಾಕು. ಆ ಮಾರ್ಗವೇ ವಿಪರೀತ ಉದ್ದವಾದಲ್ಲಿ ಉಪಕೇಂದ್ರ ಬೇಕು, ನಿಜ. ಆದರೆ ಬೇಕೆನ್ನುವವರು ಮೊದಲು ಲೆಕ್ಕ ತೋರಿಸಲಿ.

ಮಂಗಳೂರು ನಗರದಲ್ಲಿ ಮನೆಗಳು ಒತ್ತೊತ್ತಾಗಿವೆ, ಪರಿವರ್ತಕವೂ ಬೀದಿಯಲ್ಲೇ ಇದೆ. ಘಟ್ಟದ ತಪ್ಪಲಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ. ನಾಲ್ಕು ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಮೆಸ್ಕಾಂನ ಕೇಂದ್ರ ಕಚೇರಿ ಆ ನಗರದಲ್ಲಿದೆ. ದರ ಏರಿಕೆಯ ಅರ್ಜಿಯ ಮೇಲೆ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುವುದೂ ಅಲ್ಲಿಯೇ. ಮಾರ್ಗದಲ್ಲಿ ಸೋರಿಹೋದ ವಿದ್ಯುತ್ತಿನ ಬೆಲೆಯೂ ಆ ದರದೊಳಗೆ ಸೇರಿರುತ್ತದೆ. ಅಲ್ಲಿಗೆ ಬರಿಯ ಮನವಿಪತ್ರ ಹೋದರೆ ಕಡತ ಸೇರುತ್ತದೆ. ಹೋಗಬೇಕಾದದ್ದು ಒಂದೊಂದು ಪರಿವರ್ತಕದ ಲೆಕ್ಕ: ಕೊನೆಯ ಕಂಬದವರೆಗಿನ ದೂರ, ತಂತಿಯ ಜಾತಿ, ಪಂಪುಗಳ ಸಂಖ್ಯೆ, ಸಂಜೆ ಏಳಕ್ಕೆ ಮೀಟರ್ ತೋರಿದ ವೋಲ್ಟೇಜು. ಓಮನ ನಿಯಮ ಓದಿದ ಹೈಸ್ಕೂಲು ವಿದ್ಯಾರ್ಥಿಗೆ ಇದು ಒಂದು ರಜಾದಿನದ ಕೆಲಸ.