ಕೊಳೆತ ಮೊಟ್ಟೆಯ ವಾಸನೆ ಮಿದುಳಲ್ಲೂ ಇದೆ!

ಮೊಟ್ಟೆ ಜಾಸ್ತಿ ಹೊತ್ತು ಬೆಂದರೆ ಹಳದಿಯ ಸುತ್ತ ಹಸಿರು ಬಳೆ ಕಟ್ಟಿಕೊಳ್ಳುತ್ತಲ್ಲ, ನೋಡಿದ್ದೀರಾ? ಬಿಳಿ ಭಾಗದಿಂದ ಹೊರಟ ಹೈಡ್ರೋಜನ್ ಸಲ್ಫೈಡ್ ಅನಿಲ, ಹಳದಿಯಲ್ಲಿರೋ ಕಬ್ಬಿಣದ ಜೊತೆ ಸೇರಿ ಮಾಡುವ ಕೆಲಸ ಅದು. ಕೊಳೆತ ಮೊಟ್ಟೆಯ ವಾಸನೆಯೂ ಇದರದ್ದೇ. ಮ್ಯಾನ್‌ಹೋಲ್‌ಗೆ ಇಳಿದವರ ಜೀವ ತೆಗೆಯುವ ಅನಿಲಗಳಲ್ಲೂ ಇದು ಮುಖ್ಯವಾದದ್ದು. ವಾಸನೆ ಬಂದರೆ ಮೇಲೆ ಬಂದುಬಿಡಬಹುದು ಅಂದುಕೊಳ್ಳಬೇಡಿ. ಪ್ರಮಾಣ 100 ಪಿಪಿಎಂ ದಾಟುವ ಹೊತ್ತಿಗೆ ಮೂಗೇ ಸೋತು, ವಾಸನೆ ತಿಳಿಯುವುದೇ ಇಲ್ಲ.

ಇಂಥ ವಿಷವನ್ನು ನಮ್ಮ ಮಿದುಳು ತಾನೇ ತಯಾರಿಸುತ್ತೆ ಅಂದ್ರೆ ನಂಬ್ತೀರಾ? 1996ರಲ್ಲಿ ಜಪಾನಿನ ಅಬೆ ಮತ್ತು ಕಿಮುರಾ ಇದನ್ನು ತೋರಿಸಿಕೊಟ್ಟರು. ತೀರಾ ಕಡಿಮೆ ಪ್ರಮಾಣದಲ್ಲಿ ಇದು ನರಕೋಶಗಳ ನಡುವಿನ ಸಂದೇಶಕ್ಕೆ ನೆರವಾಗುತ್ತದೆ. ತಲೆಗೆ ಪೆಟ್ಟು ಬಿದ್ದಾಗ, ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆದಾಗ ಮೊದಲ ಏಟಿಗಷ್ಟೇ ಹಾನಿ ನಿಲ್ಲುವುದಿಲ್ಲ. ಆಮೇಲೆ ಉರಿಯೂತ ಶುರುವಾಗಿ ಇನ್ನಷ್ಟು ಕೋಶಗಳು ಸಾಯುತ್ತವೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಈ ಅನಿಲ ಹಿತಮಿತವಾಗಿದ್ದಾಗ ಆ ಹಾನಿ ತಗ್ಗಿದ್ದುಂಟು, ಹೆಚ್ಚಾದಾಗ ಹಾನಿ ಹಿಗ್ಗಿದ್ದೂ ಉಂಟು. 2005ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ 80 ಪಿಪಿಎಂ ಅನಿಲ ಉಸಿರಾಡಿದ ಇಲಿಗಳು ಶಿಶಿರನಿದ್ರೆಯಂಥ ಸ್ಥಿತಿಗೆ ಹೋಗಿ, ಮತ್ತೆ ಸರಿಯಾಗಿ ಎದ್ದವು. ಕುರಿಯಂಥ ದೊಡ್ಡ ಪ್ರಾಣಿಗಳಲ್ಲಿ ಹಾಗಾಗಲಿಲ್ಲ. ಹಾಗಾಗಿ ಇದು ಇನ್ನೂ ಪ್ರಯೋಗಾಲಯದ ಮಾತು, ಔಷಧಿಯ ಮಾತಲ್ಲ.

ಇದನ್ನೆಲ್ಲ ಯಾಕೆ ಓದಿದೆ ಅಂದ್ರೆ, ಕಳೆದ ವರ್ಷ ಬೆಳಗಿನ ಕಾಫಿ ಹೊತ್ತಲ್ಲಿ ನಮ್ಮ ಮಾವನವರ ಬಾಯಿ ಸೊಟ್ಟಗಾಯಿತು, ಲೋಟ ಕೈಜಾರಿತು. ಪಕ್ಕದ ಮನೆಯವರು "ಬೆಳ್ಳುಳ್ಳಿ ಜಜ್ಜಿ ಕೊಡಿ, ರಕ್ತ ತಿಳಿಯಾಗುತ್ತೆ" ಅಂದರು. ಅತ್ತೆ ಗಾಬರಿಯಲ್ಲಿ ಜಜ್ಜಿದರು, ನಾನು ಸಿಪ್ಪೆ ಸುಲಿದುಕೊಟ್ಟೆ. ಮುಕ್ಕಾಲು ಗಂಟೆ ಹಾಗೇ ಹೋಯಿತು. ಮಾವನವರು ಉಳಿದರು. ಆದರೆ ಇವತ್ತಿಗೂ ಅವರ ಅಂಗಿಯ ಗುಂಡಿ ಅತ್ತೆಯೇ ಹಾಕಬೇಕು. ಆ ಮುಕ್ಕಾಲು ಗಂಟೆ ನನ್ನನ್ನು ಈಗಲೂ ಚುಚ್ಚುತ್ತೆ.

ಬೆಳ್ಳುಳ್ಳಿಯ ಅಂಶಗಳಿಂದ ನಮ್ಮ ಕೆಂಪು ರಕ್ತಕಣಗಳು ಇದೇ ಅನಿಲವನ್ನು ಸ್ವಲ್ಪ ಹುಟ್ಟಿಸುತ್ತವೆ ಅನ್ನೋದು 2007ರಲ್ಲಿ ಗೊತ್ತಾಗಿದೆ, ನಿಜ. ಹಾಗಂತ ಒಗ್ಗರಣೆಯ ಬೆಳ್ಳುಳ್ಳಿ ಸ್ಟ್ರೋಕಿಗೆ ಮದ್ದಲ್ಲ. ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಸ್ಕ್ಯಾನ್ ಮಾಡಿ ಅದನ್ನು ಕೊಡುವ ಆಸ್ಪತ್ರೆಗೇ ಹೋಗಬೇಕು.

ಮುಖ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ. ಬಾಯಿಗೆ ಏನೂ ಹಾಕಬೇಡಿ. ನುಂಗಲಾಗದೆ ಶ್ವಾಸನಾಳಕ್ಕೆ ಹೋದೀತು. ಬೆಳ್ಳುಳ್ಳಿ ಸಾರು ಆಸ್ಪತ್ರೆಯಿಂದ ಬಂದ ಮೇಲೂ ಮಾಡಬಹುದು.