ಎರಡು ಕಾರು, ಒಂದು ಚೀಲ

ಕಳೆದ ವೈಶಾಖದಲ್ಲಿ ಚಾಮರಾಜನಗರದ ಮದುವೆಯೊಂದಕ್ಕೆ ಕೊಯಮತ್ತೂರಿನಿಂದ ಎರಡು ಕಾರುಗಳಲ್ಲಿ ಹೊರಟೆವು. ಎರಡೂ ನಮ್ಮ ಹೆಸರಿನವೇ; ಹಿಂದಿನದನ್ನು ಅಳಿಯಂದಿರು ನಡೆಸುತ್ತಿದ್ದರು. ಎರಡರ ಪತ್ರಗಳೂ ನಮ್ಮ ಕೈಚೀಲದಲ್ಲಿದ್ದುವು. ದಿಂಬದ ಘಟ್ಟದ 27 ತಿರುವುಗಳಲ್ಲಿ ಅವರು ಹಿಂದುಳಿದರು. ನಾವು ಪುಣಜನೂರು ದಾಟಿ ಕಾದೆವು, ಬರಲಿಲ್ಲ. ಕಾಡಿನಲ್ಲಿ ಫೋನು ಹತ್ತದು. ಪತ್ರವಿಲ್ಲವೆಂದು ಅವರನ್ನು ತಪಾಸಣೆಯಲ್ಲಿ ನಿಲ್ಲಿಸಿರುವ ಸುದ್ದಿಯನ್ನು ಲಾರಿ ಚಾಲಕರೊಬ್ಬರು ತಂದರು. 2022ರಿಂದ ಆ ದಾರಿಗೆ ರಾತ್ರಿ ಸಂಚಾರದ ನಿರ್ಬಂಧವುಂಟು. ಹೊತ್ತು ಇಳಿಯುತ್ತಿತ್ತು, ಆ ಕಾರಿನಲ್ಲಿ ಮಗಳೂ ಎಳೆಗೂಸೂ ಇದ್ದರು. ನಾವೇ ಹಿಂದಿರುಗಿ ಪತ್ರ ತೋರಿಸಿದೆವು. ತಪ್ಪು ನಮ್ಮದೇ. ಮೂವತ್ತು ವರ್ಷ ಮಕ್ಕಳ ಹಾಜರಿ ಕೂಗಿದವರು ಪತ್ರಗಳ ಹಾಜರಿಯನ್ನು ಮರೆತಿದ್ದೆವು!

ರಾಜ್ಯದ ಗಡಿಯಲ್ಲೇ ಹೀಗಾದರೆ, ಮಕ್ಕಳೊಡನೆ ದೇಶದ ಗಡಿ ದಾಟಹೊರಡುವ ವಾಚಕರು ಇದನ್ನೂ ತಿಳಿದಿರಬೇಕು. ನೇಪಾಳದಲ್ಲಿ ಒಂದೊಂದು ವಾಹನಕ್ಕೂ ದಿನಲೆಕ್ಕದ 'ಭನ್ಸಾರ್' ಸುಂಕ. ಇರಾನಿನಂಥ ದೇಶಗಳು 'ಕಾರ್ನೆ' ಎಂಬ ಸುಂಕದ ಪುಸ್ತಕವನ್ನು ಕೇಳುತ್ತವೆ. ವಾಹನದ ತಾತ್ಕಾಲಿಕ ಪ್ರವೇಶಕ್ಕೆ 1954ರ ನ್ಯೂಯಾರ್ಕ್ ಒಪ್ಪಂದವೇ ಆಧಾರ. ಒಡೆಯನೊಬ್ಬನೇ ಆದರೂ ಎರಡು ವಾಹನಕ್ಕೆ ಎರಡು ಪುಸ್ತಕ, ಜಾಮೀನೂ ಬೇರೆಬೇರೆ. ಒಳಹೋಗುವಾಗ ಒಂದು ಮುದ್ರೆ, ಹೊರಬರುವಾಗ ಇನ್ನೊಂದು. ಎರಡನೆಯದು ತಪ್ಪಿದರೆ ವಾಹನ ಅಲ್ಲೇ ಉಳಿಯಿತೆಂದು ಲೆಕ್ಕ ಹಾಕಿ ಸುಂಕ ಕೇಳುವರು. ಬೇರೊಬ್ಬರು ನಡೆಸುವುದಾದರೆ ಒಡೆಯನ ಒಪ್ಪಿಗೆಪತ್ರವೂ ಬೇಕು.

ಮದುವೆಯಿಂದ ಮರಳುವಾಗ ಹಿಂದಿನ ಕಾರಿನ ಪತ್ರಗಳು ಹಿಂದಿನ ಕಾರಿನಲ್ಲೇ ಬಂದುವು. ಜೊತೆಗೆ ನಮ್ಮ ಸಹಿಯ ಒಂದು ಚೀಟಿಯೂ. ಅಳಿಯಂದಿರು ಅದನ್ನು ಓದಿ ನಕ್ಕರು, ಮಗಳು ನಗಲಿಲ್ಲ.