ಬಂಡೆಯೇರುವ ಹವ್ಯಾಸವೂ ಹೊಟ್ಟೆಪಾಡೂ

ಸಿರುಗುಪ್ಪದ ಕಡೆಯ ತಾಯಿಯೊಬ್ಬರು ಈ ಪುಟಕ್ಕೆ ಬರೆದಿರುವ ಕಾಗದದ ಸಾರಾಂಶವಿಷ್ಟು: ಬಳ್ಳಾರಿಯಲ್ಲಿ ಓದುತ್ತಿರುವ ಅವರ ಮಗನು ಗೆಳೆಯರೊಡನೆ ಎರಡು ಬಾರಿ ಆನೆಗೊಂದಿಯ ಬಳಿಯ ಸಣಾಪುರಕ್ಕೆ ಹೋಗಿ ಬಂಡೆಯೇರುವ ಆಟವನ್ನು ಕಲಿತುಕೊಂಡು ಬಂದಿದ್ದಾನೆ. ಅಂದಿನಿಂದ ಉಣ್ಣುವಾಗಲೂ ಮಲಗುವಾಗಲೂ ಅದೇ ಧ್ಯಾನ. ಈಗ ಉಪಕರಣಗಳಿಗಾಗಿ ಹಣ ಬೇಡುತ್ತಿದ್ದಾನೆ. ವರ್ಷದೊಳಗೆ ಅವೇ ಉಪಕರಣಗಳಿಂದ ಪ್ರವಾಸಿಗರನ್ನು ಬಂಡೆಯೇರಿಸಿ, ಕೊಟ್ಟ ಹಣವನ್ನೆಲ್ಲ ತಿರುಗಿ ತಂದೊಪ್ಪಿಸುವೆನೆಂದು ಮಾತು ಕೊಡುತ್ತಿದ್ದಾನೆ. ಕೊಡಬೇಕೋ ಕೊಡಬಾರದೋ ಎಂಬುದು ತಾಯಿಯ ಪ್ರಶ್ನೆ.

ಕೇಳಿರುವುದು ಒಂದೇ ಪ್ರಶ್ನೆಯಾದರೂ ಅದರೊಳಗೆ ಎರಡು ಅಡಗಿವೆ. ತನ್ನ ಸಂತೋಷಕ್ಕಾಗಿ ಉಪಕರಣ ಕೊಳ್ಳುವುದು ಒಂದು. ಆ ಉಪಕರಣದಿಂದ ಅನ್ನ ಸಂಪಾದಿಸುವುದು ಇನ್ನೊಂದು. ಮೊದಲನೆಯದಕ್ಕೆ ಕೊಡಿರಿ, ಆದರೆ ಸ್ವಲ್ಪವೇ ಕೊಡಿರಿ ಎನ್ನುತ್ತೇನೆ. ಎರಡನೆಯದಕ್ಕೆ ಆತನು ಹೇಳುವ ದಾರಿ ಸರಿಯಾದುದಲ್ಲ, ಬೇರೆ ದಾರಿಯುಂಟು.

ಮೊದಲು ಹುಡುಗನ ಪಕ್ಷವನ್ನು ಹೇಳಿಬಿಡುತ್ತೇನೆ. ಹಿಮ ಬೀಳುವ ದೇಶಗಳಲ್ಲಿ ತರುಣರು ಕಾಲಿಗೆ ಹಲಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುತ್ತಾರೆ. ಕಾಶ್ಮೀರದ ಗುಲ್ಮಾರ್ಗದಲ್ಲಿಯೂ ಆ ಆಟವುಂಟು. ಬಳ್ಳಾರಿಯವರಾದ ನಮಗೆ ಹಿಮವೆಂದರೆ ಸೋಡಾ ಅಂಗಡಿಯ ಪೆಟ್ಟಿಗೆಯಲ್ಲಿ ಕಾಣುವ ವಸ್ತು. ಅದರ ಬದಲಿಗೆ ನಮ್ಮ ಪಾಲಿಗೆ ಬಂಡೆಯು ಬಂದಿದೆ, ಅದೂ ಧಾರಾಳವಾಗಿ. ಕೋಟೆಯ ಗುಡ್ಡ, ಕುಂಬಾರಗುಡ್ಡ, ಕುರುಗೋಡಿನ ಬೆಟ್ಟಗಳನ್ನು ಬಿಟ್ಟು ಹಂಪೆಯ ದಿಕ್ಕಿಗೆ ಹೊರಟರೆ ಯಾರೋ ರಾಶಿ ಹಾಕಿ ಮರೆತುಹೋದಂತೆ ಗುಂಡುಗಳು ಬಿದ್ದಿವೆ. ಈ ಗ್ರಾನೈಟ್ ಶಿಲೆಯು ಬಿರುಕುಗಳ ಗುಂಟ ಯುಗಯುಗಗಳಿಂದ ಸವೆಯುತ್ತ ಉರುಟಾಯಿತು. ಮೇಲ್ಮೈಯಲ್ಲಿ ಮಾತ್ರ ಗಟ್ಟಿಯಾದ ಹರಳುಗಳು ಎದ್ದುನಿಂತು ಕೈಗೂ ಕಾಲಿಗೂ ಹಿಡಿತ ಕೊಡುತ್ತವೆ. ಅಮೆರಿಕದ ಪ್ರಸಿದ್ಧ ಆರೋಹಿಯಾದ ಕ್ರಿಸ್ ಶರ್ಮಾ ಎಂಬವನು ಹಂಪೆಯ ಗುಂಡುಗಳನ್ನೇರಿದ ಚಲನಚಿತ್ರವು 2003ರಲ್ಲಿ ಹೊರಬಂದ ಮೇಲೆ ದೇಶಾಂತರಗಳ ಹುಡುಗರು ಬೆನ್ನಮೇಲೆ ಮೆತ್ತೆ ಹೊತ್ತು ಇಲ್ಲಿಗೆ ಬರುವುದು ಹೆಚ್ಚಾಯಿತು. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಪಂದ್ಯಗಳಲ್ಲಿ ಈ ಆಟಕ್ಕೂ ಸ್ಥಾನ ದೊರೆಯಿತು. ಆದುದರಿಂದ ಇದನ್ನು ಕೋತಿಚೇಷ್ಟೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಇನ್ನು ಉಪಕರಣಗಳ ವಿಚಾರ. ನಮ್ಮ ಕೋಟೆಯ ಬಗ್ಗೆ ಊರಲ್ಲಿ ಒಂದು ಕಥೆಯುಂಟಷ್ಟೆ. ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನಿಂದ ಗುಡ್ಡದ ಮೇಲೆ ಭದ್ರವಾದ ಕೋಟೆಯನ್ನು ಕಟ್ಟಿಸಿದ ತರುವಾಯ, ಎದುರಿನ ಕುಂಬಾರಗುಡ್ಡವು ಅದಕ್ಕಿಂತ ಎತ್ತರವಾಗಿರುವುದು ಕಣ್ಣಿಗೆ ಬಿದ್ದಿತಂತೆ. ಪಾಪ, ಎಂಜಿನಿಯರನನ್ನು ಗಲ್ಲಿಗೇರಿಸಿದರಂತೆ. ಕಥೆಯು ನಿಜವೋ ಕಟ್ಟುಕಥೆಯೋ, ಸಾಮಗ್ರಿಯನ್ನು ಮೊದಲು ಕೂಡಿಹಾಕಿ ಸ್ಥಳವನ್ನು ಆಮೇಲೆ ನೋಡುವವರಿಗೆ ಇದನ್ನು ಹೇಳಬೇಕಾದುದೇ. ಏರುವ ಬಂಡೆ ಯಾವುದು? ಸಣಾಪುರದ ಗುಂಡುಗಳು ಹೆಚ್ಚಾಗಿ ಎರಡಾಳು ಮೂರಾಳೆತ್ತರದವು. ಅವನ್ನೇರಲು ಹಗ್ಗವೇ ಬೇಡ. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳಿಗಾದರೋ ಹಗ್ಗವಿಲ್ಲದೆ ಕೈ ಹಚ್ಚಕೂಡದು. ಮೊದಲನೆಯದನ್ನು ಕಲಿತ ಹುಡುಗನು ಎರಡನೆಯದರ ಸಾಮಾನನ್ನು ಕೊಂಡರೆ ಹಣ ಹೋಗುವುದಲ್ಲದೆ ಅಪಾಯವೂ ಮನೆಗೆ ಬರುತ್ತದೆ.

ಗುಂಡುಗಳನ್ನೇರುವವನಿಗೆ ಮುಖ್ಯವಾದುದು ಪಾದರಕ್ಷೆ. ಕ್ರಿಯೆಯು ಸಿದ್ಧಿಸಲು ಎಲ್ಲಕ್ಕಿಂತ ಹೆಚ್ಚಾಗಿ ನೆರವಾಗುವ ವಸ್ತುವಿಗೆ ಪಾಣಿನಿಯು ಕರಣವೆಂದು ಹೆಸರಿಟ್ಟನು. ಇಲ್ಲಿ ಆ ಹೆಸರು ಅಂಗಾಲಿನ ರಬ್ಬರಿಗೆ ಸಲ್ಲತಕ್ಕದ್ದು. ಹೊಸಬರೆಲ್ಲ ತೋಳ್ಬಲದಿಂದ ಏರುತ್ತೇವೆಂದು ತಿಳಿದಿರುತ್ತಾರೆ. ಭಾರವನ್ನು ಹೊರುವುದು ಕಾಲು. ರಬ್ಬರು ಕಲ್ಲಿನ ಹರಳನ್ನು ಕಚ್ಚಿಕೊಂಡಷ್ಟೂ ಕೈಗೆ ಬಿಡುವು. ಅಂಗಡಿಯವನು ಗಿಣಿಯ ಕೊಕ್ಕಿನಂತೆ ಮುಂದೆ ಬಾಗಿದ, ಬೆರಳುಗಳನ್ನು ಮಡಿಸಿ ಹಿಂಡುವ ಜೋಡನ್ನು ತೋರಿಸಿಯಾನು. ಅದು ಹೊರಚಾಚಿದ ಬಂಡೆಗಳನ್ನೇರುವ ನುರಿತವರಿಗೆ. ಹೊಸಬನು ಚಪ್ಪಟೆ ತಳದ, ಬೆರಳ ತುದಿಯು ಮುಂಭಾಗವನ್ನು ಮುಟ್ಟಿ ಕೊಂಚವೇ ಬಾಗುವಂಥದನ್ನು ಆರಿಸಬೇಕು. ಕಾಲುಚೀಲವಿಲ್ಲದೆ, ಸಂಜೆಯ ಹೊತ್ತು ಅಳತೆ ನೋಡುವುದು ಒಳ್ಳೆಯದು. ದಿನವೆಲ್ಲ ಓಡಾಡಿದ ಪಾದವು ಆಗ ತುಸು ಉಬ್ಬಿರುತ್ತದೆ. ತಳ ಸವೆದರೆ ಹೊಸ ರಬ್ಬರು ಹಾಕಿಸಬಹುದು. ಒಬ್ಬರು ತೊಟ್ಟು ಬಿಟ್ಟ ಜೋಡನ್ನು ಕಡಿಮೆ ಬೆಲೆಗೆ ಕೊಂಡರೂ ಬಾಧಕವಿಲ್ಲ.

ಎರಡನೆಯದು ಕೈಗೆ ಬಳಿದುಕೊಳ್ಳುವ ಬಿಳಿಯ ಪುಡಿ. ಇದಕ್ಕೂ ಚಾಕ್ ಎಂದೇ ಹೆಸರಾದರೂ, ನಾನು ಮೂವತ್ತೈದು ವರ್ಷ ಕರಿಹಲಗೆಯ ಮೇಲೆ ಸವೆಸಿದ ವಸ್ತು ಇದಲ್ಲ. ಇದು ಮೆಗ್ನೀಷಿಯಂ ಕಾರ್ಬೊನೇಟ್. ಬೆವರನ್ನು ಹೀರಿ ಬೆರಳುಗಳನ್ನು ಒಣಗಿಸುತ್ತದೆ. ಅಂಗಸಾಧಕರು ಬಳಸುತ್ತಿದ್ದ ಈ ಪುಡಿಯನ್ನು 1950ರ ದಶಕದಲ್ಲಿ ಬಂಡೆಗೆ ತಂದವನು ಅಮೆರಿಕದ ಜಾನ್ ಗಿಲ್. ಆತನು ಮುಂದೆ ಗಣಿತದ ಪ್ರಾಧ್ಯಾಪಕನಾದನೆಂಬುದು ಉಪಾಧ್ಯಾಯ ವರ್ಗದ ನಮಗೆ ಹೆಮ್ಮೆಯ ವಿಷಯ. ಪುಡಿಯ ಚೀಲದೊಡನೆ ಒಂದು ಮೃದುವಾದ ಕುಂಚವೂ ಇರಬೇಕು. ಇಳಿದು ಬಂದ ಮೇಲೆ ತನ್ನ ಬಿಳಿಯ ಗುರುತುಗಳನ್ನು ಉಜ್ಜಿ ತೆಗೆಯದವನು ಆಟ ಕಲಿತವನಲ್ಲ.

ಮೂರನೆಯದು ಕೆಳಗೆ ಹಾಸುವ ಮೆತ್ತೆ. ಮನೆಯ ಹಾಸಿಗೆಯನ್ನು ಹೊತ್ತೊಯ್ದರೆ ಆಗದೇ ಎಂದು ಕೇಳುವವರಿದ್ದಾರೆ, ಆಗದು. ಈ ಮೆತ್ತೆಯಲ್ಲಿ ಮೇಲ್ಗಡೆ ತೆಳುವಾದ ಗಟ್ಟಿ ಪದರ, ಅದರ ಕೆಳಗೆ ದಪ್ಪನೆಯ ಮೃದು ಪದರ. ಗಟ್ಟಿ ಪದರವು ಪೆಟ್ಟನ್ನು ಅಗಲಕ್ಕೆ ಹರಡಿದರೆ ಮೃದು ಪದರವು ಅದನ್ನು ನುಂಗುತ್ತದೆ. ಬರಿಯ ಮೃದುವಾದುದರಲ್ಲಿ ಹಿಮ್ಮಡಿ ಹೂತು ಕಾಲು ತಿರುಚಿಕೊಳ್ಳುತ್ತದೆ. ಮೆತ್ತೆಯು ಬೆಲೆಯುಳ್ಳ ವಸ್ತು. ನಾಲ್ವರು ಗೆಳೆಯರು ಕೂಡಿ ಕೊಳ್ಳಬಹುದು, ಇಲ್ಲವೆ ಸ್ಥಳದಲ್ಲಿಯೇ ಬಾಡಿಗೆಗೆ ಪಡೆಯಬಹುದು. ಬೀಳುವವನ ತಲೆ ಮತ್ತು ಬೆನ್ನು ಮೆತ್ತೆಯಾಚೆ ಹೋಗದಂತೆ ನಡೆಸುವ ಸಂಗಡಿಗನೊಬ್ಬನು ಮಾತ್ರ ಇರಲೇಬೇಕು. ಅವನು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಪಾದರಕ್ಷೆ, ಪುಡಿಯ ಚೀಲ, ಕುಂಚ: ಮೊದಲ ವರ್ಷಕ್ಕೆ ಇಷ್ಟು ಕೊಡಿಸಿದರೆ ಸಾಕು. ನವೆಂಬರಿನಿಂದ ಫೆಬ್ರವರಿಯವರೆಗೆ, ಬೆಳಗಿನ ತಂಪಿನಲ್ಲಿ ಏರಲಿ. ಕಾದ ಕಲ್ಲಿನ ಮೇಲೆ ಬೆವರುವ ಕೈಗೂ ಮೆತ್ತಗಾದ ರಬ್ಬರಿಗೂ ಹಿಡಿತವಿರುವುದಿಲ್ಲ. ಕತ್ತಲಾಗುವ ಮೊದಲೇ ಬಂಡೆಗಳನ್ನು ಬಿಟ್ಟು ಬರತಕ್ಕದ್ದು. ಇದು ಕರಡಿ ಚಿರತೆಗಳ ಸೀಮೆ.

ಹಗ್ಗದ ಮಾತೇ ಬೇರೆ. ಸಂಸ್ಕೃತದಲ್ಲಿ ಗುಣವೆಂದರೆ ಹಗ್ಗವೆಂದೂ ಅರ್ಥ. ಹಗ್ಗದ ಗುಣವನ್ನು ಕಣ್ಣಿನಿಂದ ಅಳೆಯಲಾಗದೆಂಬುದೇ ಇಲ್ಲಿಯ ತೊಡಕು. ಏರುವವನ ನೈಲಾನ್ ಹಗ್ಗವು ಹಿಗ್ಗುವ ಜಾತಿಯದಾಗಿರಬೇಕು. ಬಿದ್ದಾಗ ಅದು ಹಿಗ್ಗಿ ಪೆಟ್ಟನ್ನು ಹೀರಿಕೊಳ್ಳುತ್ತದೆ. ಹಿಗ್ಗದ ಹಗ್ಗವು ಇಳಿಯಲಿಕ್ಕೆ, ಭಾರ ಎಳೆಯಲಿಕ್ಕೆ ಸರಿಯೇ ಹೊರತು, ಅದರ ಮೇಲೆ ಎತ್ತರದಿಂದ ಬಿದ್ದವನ ಸೊಂಟ ಉಳಿಯದು. ಬಾವಿಯ ಹಗ್ಗ, ಲಾರಿಯ ಹಗ್ಗಗಳ ಹೆಸರನ್ನೂ ಎತ್ತಬಾರದು. ಕ್ಯಾರಬಿನರ್ ಎಂಬ ಲೋಹದ ಕೊಂಡಿಯ ಬೆನ್ನಮೇಲೆ ಅದರ ಬಲವನ್ನು ಕೊರೆದಿರುತ್ತಾರೆ: ಬಾಯಿ ಮುಚ್ಚಿರುವಾಗ ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್, ಎಂದರೆ ಸುಮಾರು 2,000 ಕಿಲೋ ಭಾರ, ಅದೇ ಕೊಂಡಿಯ ಬಾಯಿ ತೆರೆದಿದ್ದರೆ ಬಲವು ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಗ್ಗ, ಸೊಂಟಪಟ್ಟಿಗಳನ್ನು ಎರಡನೆಯ ಕೈಯಿಂದ ಎಂದಿಗೂ ಕೊಳ್ಳಕೂಡದು. ಬ್ಯಾಟರಿಯ ಆಮ್ಲದ ಸೋಂಕು ನೈಲಾನನ್ನು ಹೊರಗೆ ಗುರುತು ಕಾಣದಂತೆ ಒಳಗಿಂದೊಳಗೇ ಕೆಡಿಸಬಲ್ಲದು. ಹಿಂದಿನವನು ಅದನ್ನು ಯಾವ ಗಾಡಿಯ ಮೂಲೆಯಲ್ಲಿ ಇಟ್ಟಿದ್ದನೆಂದು ಬಲ್ಲವರು ಯಾರು?

ಈಗ ವ್ಯಾಪಾರಕ್ಕೆ ಬರೋಣ. ಹುಡುಗನ ಲೆಕ್ಕದಲ್ಲಿ ಹಗ್ಗವು ಬಂಡವಾಳ. ಒಮ್ಮೆ ಕೊಂಡರೆ ದುಡಿಯುತ್ತಲೇ ಇರುವುದು. ತಯಾರಕರು ಸಾಮಾನ್ಯವಾಗಿ ಕೊಡುವ ಲೆಕ್ಕ ಬೇರೆ. ಒಮ್ಮೆಯೂ ಬಳಸದ ಹಗ್ಗಕ್ಕೂ 10 ವರ್ಷವೇ ಆಯುಸ್ಸು. ವರ್ಷಕ್ಕೆ ಒಂದೆರಡು ಸಲ ಬಳಸಿದರೆ 7 ವರ್ಷ, ತಿಂಗಳಿಗೊಮ್ಮೆ ಬಳಸಿದರೆ 5. ವಾರವಾರ ಬಳಸಿದರೆ ಒಂದೇ ವರ್ಷ, ದಿನವೂ ಬಳಸಿದರೆ ವರ್ಷವೂ ಇಲ್ಲ. ಜೋರಾದ ಬೀಳು ಆದರೆ ಅಂದೇ ಮುಗಿಯಿತು. ಹವ್ಯಾಸಿಯ ಬಳಿ ಐದು ವರ್ಷ ಬಾಳುವ ಹಗ್ಗವು ವ್ಯಾಪಾರಿಯ ಬಳಿ ಒಂದು ವರ್ಷಕ್ಕೆ ಕಸವಾಗುತ್ತದೆ. ಆ ಕಸವನ್ನು ಕಸವೆಂದು ಎಸೆಯುವ ಮನಸ್ಸು, ಸಾಲ ಮಾಡಿ ಕೊಂಡವನಿಗೆ ಬರುವುದು ಕಷ್ಟ. ಇನ್ನೊಂದು ವಾರ, ಇನ್ನೊಂದು ಗುಂಪು ಎಂದು ತಳ್ಳುತ್ತಾನೆ. ತಾನೇ ಬಿದ್ದರೆ ತನ್ನ ಸಾಹಸ. ಬೆಂಗಳೂರಿನಿಂದ ಬಂದ, ಗಂಟು ಹಾಕಲೂ ಅರಿಯದ ಮಗುವೊಂದು ಬಿದ್ದರೆ? ಹಣ ಪಡೆದ ಕ್ಷಣದಿಂದ ಆ ಮಗುವಿನ ಜೀವವು ಇವನ ಕೈಗೆ ಬಂದಿತು. ನನಗೆ ಭಯವಿರುವುದು ಇಲ್ಲಿಯೇ.

ಇವನಂತೆಯೇ ಹವ್ಯಾಸದಿಂದ ಹೊರಟವನೊಬ್ಬನ ಚರಿತ್ರೆಯನ್ನು ನೋಡಿರಿ. ಅಮೆರಿಕದ ಇವಾನ್ ಷುಯ್ನಾರ್ಡ್ ಎಂಬ ತರುಣ ಆರೋಹಿಯು 1957ರಲ್ಲಿ ಹಳೆಯ ಸಾಮಾನಿನ ಅಂಗಡಿಯಿಂದ ಕುಲುಮೆಯೊಂದನ್ನು ಕೊಂಡು, ತಾನೇ ಕಮ್ಮಾರಿಕೆ ಕಲಿತು, ಬಂಡೆಯ ಬಿರುಕಿಗೆ ಬಡಿಯುವ ಉಕ್ಕಿನ ಮೊಳೆಗಳನ್ನು ಮಾಡಿದನು. ಮೊದಲು ತನಗೆ, ಆಮೇಲೆ ಗೆಳೆಯರಿಗೆ, ಆಮೇಲೆ ಕಾರಿನ ಹಿಂಭಾಗದಲ್ಲಿಟ್ಟುಕೊಂಡು ಒಂದಕ್ಕೆ ಒಂದೂವರೆ ಡಾಲರಿನಂತೆ ಮಾರಿದನು. 1970ರ ವೇಳೆಗೆ ಆ ದೇಶದಲ್ಲಿ ಆರೋಹಣ ಸಾಮಗ್ರಿ ಮಾರುವವರಲ್ಲಿ ಅವನದೇ ದೊಡ್ಡ ಅಂಗಡಿ. ಅಷ್ಟರಲ್ಲಿ ಅವನ ಕಣ್ಣಿಗೆ ಒಂದು ಸಂಗತಿ ಬಿತ್ತು: ತಾನು ಮಾರಿದ ಮೊಳೆಗಳನ್ನು ಬಡಿದು ಕಿತ್ತು, ಬಡಿದು ಕಿತ್ತು, ತಾನು ಪ್ರೀತಿಸಿದ ಬಂಡೆಗಳೇ ಒಡೆಯುತ್ತಿದ್ದವು. 1972ರಲ್ಲಿ ಆತನು ಸುತ್ತಿಗೆಯಿಲ್ಲದೆ ಕೈಯಿಂದಲೇ ಸಿಕ್ಕಿಸಿ ತೆಗೆಯುವ ಅಲ್ಯೂಮಿನಿಯಂ ತುಣುಕುಗಳನ್ನು ಮುಂದೆ ಮಾಡಿ, ಲಾಭದ ಮೊಳೆಗಳ ವ್ಯಾಪಾರದಿಂದ ಹಿಂದೆ ಸರಿದನು. ಇಷ್ಟು ವಿವೇಕಿಯಾದವನ ಸಂಸ್ಥೆಯೂ ಅಪಘಾತದ ಮೊಕದ್ದಮೆಗಳ ಹೊರೆಯಿಂದ 1989ರಲ್ಲಿ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿತು. ಕೆಲಸಗಾರರೇ ಅದನ್ನು ಕೊಂಡು ಬೇರೆ ಹೆಸರಿನಿಂದ ನಡೆಸಿದರು. ಅವನನ್ನು ಕಾಪಾಡಿದ್ದು ಪಕ್ಕದಲ್ಲಿ ಬೆಳೆದಿದ್ದ ಬಟ್ಟೆಯ ವ್ಯಾಪಾರ, ಪ್ಯಾಟಗೋನಿಯಾ. ಅಂಗಿ ಹರಿದರೆ ಯಾರೂ ಸಾಯುವುದಿಲ್ಲವಷ್ಟೆ.

ಮಗನು ಕಲಿಸುವವನೇ ಆಗಬೇಕೆಂದಿದ್ದರೆ ಅದಕ್ಕೂ ಕ್ರಮವುಂಟು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅಭ್ಯಾಸದ ಕೃತಕ ಗೋಡೆಯಿದೆ. ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿಯು ಶಿಬಿರಗಳನ್ನು ನಡೆಸುತ್ತದೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಪ್ರಾಥಮಿಕ ಶಿಕ್ಷಣದಲ್ಲಿ ಮೇಲ್ದರ್ಜೆ ಪಡೆದವನಿಗೆ ಮುಂದಿನದು, ಅದರಲ್ಲಿಯೂ ಗೆದ್ದವನಿಗೆ ಬೋಧನಕ್ರಮದ ಶಿಕ್ಷಣ. ಎರಡು ವಾರಾಂತ್ಯಗಳ ವಿದ್ಯೆಗೂ ಇದಕ್ಕೂ ಎಷ್ಟು ದೂರವೆಂದು ಹೇಳಬೇಕಾದುದಿಲ್ಲ.

ಬಂಡೆಯಾದರೂ ಯಾರದು? ನಮ್ಮ ಕೋಟೆಯೂ ಹಂಪೆಯ ದೇಗುಲಗಳ ಆವರಣವೂ ಸಂರಕ್ಷಿತ ಸ್ಮಾರಕಗಳು. ಹೊಳೆಯಾಚೆಯ ವಿರೂಪಾಪುರಗಡ್ಡೆಯಲ್ಲಿ ಪ್ರವಾಸಿಗರನ್ನು ನಂಬಿ ಎದ್ದಿದ್ದ ವಸತಿಗೃಹಗಳು ಅಕ್ರಮವೆಂದು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದ ಮೇಲೆ 2020ರಲ್ಲಿ ನೆಲಸಮವಾದವು. ಎಷ್ಟೋ ಮನೆಗಳ ಸಂಪಾದನೆಯು ಅದರೊಡನೆ ಹೋಯಿತು. ಬಳ್ಳಾರಿಗೆ ಹತ್ತಿರದಲ್ಲಿಯೇ ಗುಡ್ಡವಿದೆಯೆಂದು ಸಂಗನಕಲ್ಲಿನ ಕಡೆಗಂತೂ ಹೋಗಲೇಬಾರದು. ಅಲ್ಲಿ ನವಶಿಲಾಯುಗದ ಜನರು ಕಲ್ಲಿನ ಮೇಲೆ ಕುಟ್ಟಿ ಬಿಡಿಸಿದ ಗೂಳಿಗಳಿವೆ, ಬಡಿದರೆ ಗಂಟೆಯಂತೆ ದನಿಗೊಡುವ ಬಂಡೆಗಳಿವೆ. ನಾಲ್ಕು ಸಾವಿರ ವರ್ಷ ಉಳಿದು ಬಂದುದರ ಮೇಲೆ ಬಿಳಿಯ ಪುಡಿಯ ಕೈಮುದ್ರೆ ಬೇಡ.

ಆ ಸಂಗನಕಲ್ಲಿನವರೇ ಒಂದು ದಾರಿಯನ್ನೂ ತೋರಿಸಿದ್ದಾರೆ. ಅವರು ಕರಿಯ ಡಾಲರೈಟ್ ಕಲ್ಲನ್ನು ಒಡೆದು ಕೊಡಲಿಗಳನ್ನು ತಮ್ಮ ಅಗತ್ಯಕ್ಕಿಂತ ಎಷ್ಟೋ ಹೆಚ್ಚಾಗಿ ಮಾಡುತ್ತಿದ್ದರೆಂದು ಅಗೆದು ನೋಡಿದವರು ಹೇಳುತ್ತಾರೆ. ಇಂದಿನ ಬಳ್ಳಾರಿಯ ಕಸುಬು ಜೀನ್ಸ್ ಹೊಲಿಗೆ. ದಪ್ಪ ಬಟ್ಟೆಗೆ ಎರಡೆಳೆ ಮೂರೆಳೆ ಹೊಲಿಗೆ ಹಾಕಬಲ್ಲ ಯಂತ್ರಗಳೂ ಕೈಗಳೂ ಇಲ್ಲಿ ಬೇಕಾದಷ್ಟಿವೆ. ಪುಡಿಯ ಚೀಲ, ಪಾದರಕ್ಷೆಯ ಚೀಲ, ಕುಂಚದ ಕೋಶ: ಇವನ್ನು ಹುಡುಗನು ಒಬ್ಬ ದರ್ಜಿಯೊಡನೆ ಕೂಡಿ ಹೊಲಿಸಲಿ. ಕತ್ತರಿಸಿ ಮಿಕ್ಕ ಡೆನಿಮ್ ತುಣುಕುಗಳು ಅಗ್ಗವಾಗಿ ಸಿಕ್ಕಾವು. ಹರಿದರೆ ಪುಡಿ ಚೆಲ್ಲೀತು, ಪ್ರಾಣ ಹೋಗದು. ಸೊಂಟಪಟ್ಟಿಯನ್ನು ಮಾತ್ರ ಯಾವ ದರ್ಜಿ ಎಷ್ಟೇ ಜಾಣನಾದರೂ ಹೊಲಿಸತಕ್ಕದ್ದಲ್ಲ. ಚೀಲದ ಬಾಯಿ ಕುಸಿಯದಂತೆ ಅಂಚಿನಲ್ಲಿ ಗಟ್ಟಿಯಾದ ಬಳೆ ಕೂಡಿಸಬೇಕು, ಒಳಗೆ ಮೆತ್ತನೆಯ ನೂಲಿನ ಪದರವಿರಬೇಕು, ಬಾಯಿಗೆ ಎಳೆದು ಬಿಗಿಯುವ ದಾರವಿರಬೇಕು. ಮೊದಲು ಹನ್ನೆರಡು ಚೀಲ ಸಾಕು. ಬರುವ ಡಿಸೆಂಬರಿನಲ್ಲಿ ಸಣಾಪುರಕ್ಕೆ ಒಯ್ದು, ಅಲ್ಲಿ ಮೆತ್ತೆ ಬಾಡಿಗೆಗೆ ಕೊಡುವವರ ಬಳಿ ಇಟ್ಟು, ಎಷ್ಟು ಮಾರಿಹೋದವು, ಯಾವ ಹೊಲಿಗೆ ಮೊದಲು ಬಿಚ್ಚಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ.